ಆರು ತುಂಡಿನ ಹೆಸರು

ಸೋಮವಾರ ರಾಣೆಬೆನ್ನೂರಿನ ಕಾಲೇಜಿನಲ್ಲಿ ನನ್ನ ಸೆಮಿನಾರು. ವಿಷಯ ಮೆಣಸಿನಕಾಯಿಯ ಬಣ್ಣ. ಅದನ್ನು ಅಳೆಯುವ ಯಂತ್ರದ ಹೆಸರು ಸ್ಪೆಕ್ಟ್ರೋಫೊಟಾಮಿಟರ್. ಹಿಂದಿನ ಸಲ ಆ ಹೆಸರಿನ ನಡುವೆಯೇ ತಡವರಿಸಿ ಬಂದು ಕೂತಿದ್ದೆ. ಈ ಸಲವೂ ಹಾಗಾದರೆ ವಿಷಯವನ್ನು ಬೇರೆಯವರಿಗೆ ಕೊಡುವುದಾಗಿ ಮೇಡಂ ಹೇಳಿದ್ದರು.

ಶನಿವಾರ ಹಾವೇರಿಯಲ್ಲಿ ರೈಲು ಹತ್ತಿ ಬ್ಯಾಡಗಿಗೆ, ಅವ್ವನ ತಂಗಿ ಚಿಗವ್ವನ ಮನೆಗೆ ಹೊರಟೆ. ಕಿಟಕಿಗೆ ತಲೆಯಾನಿಸಿ ಹೆಸರನ್ನು ಆರು ತುಂಡು ಮಾಡಿದೆ: ಸ್ಪೆಕ್, ಟ್ರೋ, ಫೊ, ಟಾ, ಮಿ, ಟರ್. ಒತ್ತು ನಾಲ್ಕನೆಯದರ ಮೇಲೆ. ಗಾಲಿಗಳೂ ಅದನ್ನೇ ಹೇಳುತ್ತಿದ್ದವು. ಹಿಂದಕ್ಕೆ ಸರಿಯುವ ಹೊಲಗಳು ಒಂದೊಂದು ತುಂಡನ್ನು ಎತ್ತಿಕೊಂಡು ಹೋಗುತ್ತಿರುವಂತೆ ಅನಿಸಿತು. ಡೈರಿಯಲ್ಲಿ ಸರಿಗೆ ಗೆರೆ, ತಪ್ಪಿಗೆ ಸೊನ್ನೆ. ಇಳಿಯುವಷ್ಟರಲ್ಲಿ ಸೊನ್ನೆಗಳೇ ಸಾಲುಗಟ್ಟಿದ್ದವು.

ಪಡಸಾಲೆಯಲ್ಲಿ ಚಿಗವ್ವ, ಪಕ್ಕದ ಮನೆಯ ಅಜ್ಜಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದರು. ನಾನೂ ಕೂತೆ. ಒಂದು ತೊಟ್ಟಿಗೆ ಒಂದು ತುಂಡು. ಮೂರನೆಯದಕ್ಕೆ ಬಂದಾಗಲೆಲ್ಲ ಘಾಟು ಮೂಗಿಗೇರುತ್ತಿತ್ತು.

“ಸ್ಪೆಕ್, ಟ್ರೋ, ಫೊ... ಆಕ್ಷೀ!”

“ಯವ್ವಾ, ಏನ್ ಹೆಸರಬೇ ಇದು! ಕಾಯಿಗಿಂತ ಇದಕ್ಕ ಘಾಟ ಜಾಸ್ತಿ ಐತಿ,” ಎಂದಳು ಅಜ್ಜಿ.

“ಹಾವೇರಿ ಮೂಗ ಐತ್ರಿ ಅದು, ಬ್ಯಾಡಗಿ ಗಾಳಿ ತಡ್ಯಾಂಗಿಲ್ಲ,” ಎಂದು ಚಿಗವ್ವ ನಕ್ಕಳು. ನನ್ನ ಕಡೆ ತಿರುಗಿ, “ಸೀನ ತಡೀಬ್ಯಾಡ. ಸೀನು, ಉಸುರ ತಗೊ, ಆಮ್ಯಾಲೆ ಉಳದದ್ದ ಹೇಳು,” ಎಂದಳು.

ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಕೆಂಪು ರಾಶಿಯ ಮೇಲೆ ಬಿಸಿಲು ಹಾಸಿಕೊಂಡಿತು. ಒದ್ದೆ ಕಣ್ಣಿಗೆ ಎಲ್ಲವೂ ಕದಡಿ, ಆ ಹೆಸರು ಎಂದೂ ನೋಡದ ಯಾವುದೋ ಊರಿನದೆಂಬಂತೆ ಕೇಳತೊಡಗಿತು. ಬೆರಳು ಉರಿಯುತ್ತಿದ್ದುದರಿಂದ ಅಂದು ಗೆರೆಯನ್ನೂ ಹಾಕಲಿಲ್ಲ, ಸೊನ್ನೆಯನ್ನೂ ಹಾಕಲಿಲ್ಲ.

ಸೋಮವಾರ ಹಲಗೆಯ ಮುಂದೆ ನಿಂತು, “ಸ್ಪೆಕ್ಟ್ರೋಫೊ” ಎಂದೆ. ಬಾಯಿ ತಾನಾಗಿಯೇ ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ತಲೆಯೆತ್ತಿ ನೋಡಿದರು. ನಾನು ಸೀನಿಗಾಗಿ ಕಾಯುತ್ತಿದ್ದೆ! ಅದು ಬರಲಿಲ್ಲ. ಫ್ಯಾನಿನ ಗಾಳಿಯಲ್ಲಿ ಘಾಟಿರಲಿಲ್ಲ. ಉಸಿರು ಎಳೆದುಕೊಂಡು, “ಟಾಮಿಟರ್” ಎಂದೆ. ಒತ್ತು ತನ್ನ ಜಾಗದಲ್ಲಿ ಹೋಗಿ ಕೂತಿತು.

“ಹೂಂ, ಮುಂದ ಹೇಳವಾ,” ಎಂದರು ಮೇಡಂ.

ವಿಷಯ ನನ್ನದೇ ಆಗಿ ಉಳಿಯಿತು. ಬಣ್ಣದ ಬಗ್ಗೆ ಹೇಳುತ್ತ ಹೋದಂತೆ ಆ ಹೆಸರು ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಫೊ ಆದಮೇಲೆ ಒಂದು ಚೂರು ಬಿಸಿಲು, ಕೆಂಪು ರಾಶಿ, ಆಮೇಲೆ ಉಳಿದದ್ದು.