ರಾಹುಕಾಲದಲ್ಲಿ ಹಿಡಿದ ಆಟಗಾರ

ಆಟ ಶುರುವಾಗುವಾಗ ಅಂಗಳಕ್ಕಿಳಿಯುವ ಮೊದಲ ಐವರಲ್ಲಿ ನಾನು ಒಂದು ಸಲವೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಜಯನಗರದ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ ಸೇರಿದವಳು. ಕಾಲೇಜು ಮುಗಿಯಿತು, ಜೆ.ಪಿ. ನಗರದಲ್ಲೊಂದು ಕೆಲಸ ಸಿಕ್ಕಿತು, ಹೊಸ ಶತಮಾನವೂ ಬಂತು. ನಾನು ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಹನ್ನೆರಡು ಜನರ ತಂಡದಲ್ಲಿ ಹೆಸರಿರುತ್ತಿತ್ತು, ಜೆರ್ಸಿಯೂ ಸಿಗುತ್ತಿತ್ತು. ವಿರಾಮದಲ್ಲಿ ಆಡಿ ಬಂದವರ ಕೈಗೆ ನೀರಿನ ಬಾಟಲಿ ಕೊಡುವುದು ನನ್ನ ಪಾಲಿನ ಆಟ. ಗೆಲುವೋ ಸೋಲೋ ಖಚಿತವಾದ ಮೇಲೆ ಕೊನೆಗೆ ಒಂದೆರಡು ನಿಮಿಷ ಇಳಿಸುತ್ತಿದ್ದರು. ಊಟಕ್ಕಿಲ್ಲದ ಉಪ್ಪಿನಕಾಯಿ ಅನ್ನುತ್ತಾರಲ್ಲ, ಅದು ನಾನೇ.

ಕ್ಲಬ್ಬಿನ ಕಾರ್ಯದರ್ಶಿ, ಕೋಚು, ತಂಡ ಆರಿಸುವವರು ಎಲ್ಲ ಒಬ್ಬರೇ. ತ್ಯಾಗರಾಜನಗರದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಮಗೆಲ್ಲ ಅವರು ಸಾರ್. ಒಳ್ಳೆಯ ಮನುಷ್ಯ, ಆದರೆ ನನ್ನನ್ನು ಎಂಟನೇ ಕ್ಲಾಸಿನಲ್ಲಿ ಒಮ್ಮೆ ನೋಡಿ ‘ಕುಳ್ಳಿ’ ಅಂತ ತೀರ್ಮಾನಿಸಿದವರು ಆಮೇಲೆ ಮತ್ತೆ ನೋಡಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

ಈ ನಡುವೆ ನಮ್ಮ ಅಣ್ಣ, ಅವನ ಗೆಳೆಯರು ಸೇರಿ ಕ್ಲಬ್ಬಿನಲ್ಲೇ ಒಂದು ಫ್ಯಾಂಟಸಿ ಲೀಗ್ ಶುರು ಮಾಡಿದರು. ಲೆಕ್ಕ ಸುಲಭ. ಅಮೆರಿಕದ ದೊಡ್ಡ ಲೀಗಿನಲ್ಲಿ ಆಡುವವರಲ್ಲಿ ನಾವು ಒಬ್ಬೊಬ್ಬರೂ ಹತ್ತು ಜನರನ್ನು ಆರಿಸಿಕೊಳ್ಳಬೇಕು. ಅವರು ಅಲ್ಲಿ ಬುಟ್ಟಿಗೆ ಹಾಕಿದ್ದು, ಹಾರಿ ಹಿಡಿದದ್ದು, ಕೊಟ್ಟ ಪಾಸು, ಎಲ್ಲದಕ್ಕೂ ಇಲ್ಲಿ ನಮಗೆ ಅಂಕ. ಯಾರೂ ಆರಿಸದೆ ಬಿಟ್ಟ ಆಟಗಾರ ಬೇಕೆನಿಸಿದರೆ ನಮ್ಮವನೊಬ್ಬನನ್ನು ಬಿಟ್ಟು ಅವನನ್ನು ತೆಗೆದುಕೊಳ್ಳಬಹುದು. ಮೊದಲು ಸಾರ್‌ಗೆ ತಿಳಿಸಿದವರಿಗೆ ಅವನು. ಗೆದ್ದವರಿಗೆ ಒಂದೇ ಬಹುಮಾನ: ಬೇಸಿಗೆಯಲ್ಲಿ ನಡೆಯುವ ಕ್ಲಬ್ಬಿನ ವಾರ್ಷಿಕ ಪಂದ್ಯಗಳಲ್ಲಿ, ಗಂಡಸರ ತಂಡವೋ ಹೆಂಗಸರ ತಂಡವೋ, ಮೊದಲ ಐವರಲ್ಲಿ ಒಬ್ಬರನ್ನು ಅವರೇ ಹೆಸರಿಸಬಹುದು. ತಮಾಷೆಗೆ ಅಂತ ಸಾರ್ ಒಪ್ಪಿಬಿಟ್ಟರು.

ಆ ಬಹುಮಾನದ ಸುದ್ದಿ ಕೇಳಿದ ದಿನವೇ ನಾನು ಲೀಗಿಗೆ ಸೇರಿದೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಈ ಸಲ ಆ ಐವರಲ್ಲಿ ಒಬ್ಬಳು ನಾನೇ ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಹುಡುಗರೆಲ್ಲ ಪೋಸ್ಟರಿನಲ್ಲಿ ಕಂಡ ಮುಖಗಳಿಗೇ ಮುಗಿಬಿದ್ದರು. ಮಂಡಿ ಸವೆದ ಮುದಿ ಹುಲಿಗಳನ್ನೂ ಬಿಡಲಿಲ್ಲ. ನಾನು ಬೇರೆ ದಾರಿ ಹಿಡಿದೆ. ಬೆಳಗ್ಗೆ ಟಿ.ವಿ.ಯಲ್ಲಿ ಪಂದ್ಯ ಬರುವಾಗ ಕ್ಯಾಮೆರಾ ಆಗೀಗ ಬೆಂಚಿನತ್ತ ತಿರುಗುತ್ತದಲ್ಲ, ಅಲ್ಲಿ ನನ್ನ ಕಣ್ಣು. ಕಾಲು ಚಾಚಿ ಹರಟುತ್ತಾ ಕೂತವನು ಬೇಡ. ಲೇಸು ಬಿಗಿದುಕೊಂಡು, ಬೆಂಚಿನ ತುದಿಗೆ ಬಂದು, ಕರೆಯುವ ಮೊದಲೇ ಮೇಲಂಗಿಯ ಗುಂಡಿ ಬಿಚ್ಚಿ ಕೂತವನು ಬೇಕು. ಅಂಥವನು ಐದು ನಿಮಿಷ ಸಿಕ್ಕರೂ ಬಿಡುವುದಿಲ್ಲ. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು, ನಾನೂ ಹಾಗೇ ಕೂರುತ್ತಿದ್ದೆ.

‘ನಿನ್ನದು ಟೀಮಾ, ಧರ್ಮಛತ್ರನಾ?’ ಅಂತ ಅಣ್ಣ ಆಡಿಕೊಂಡ. ‘ಒಬ್ಬನ ಹೆಸರೂ ಕೇಳಿಲ್ವಲ್ಲೇ!’

‘ನೋಡ್ತಿರು’ ಅಂದೆ. ಮೈಯೆಲ್ಲ ಉರಿದುಹೋಗಿತ್ತು.

ಸಂಕ್ರಾಂತಿ ಕಳೆಯುವ ಹೊತ್ತಿಗೆ ನನ್ನ ಛತ್ರದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಒಬ್ಬನ ಮುಂದಿದ್ದವನು ಬೇರೆ ತಂಡಕ್ಕೆ ಹೋದ, ಇವನಿಗೆ ಜಾಗ ಸಿಕ್ಕಿತು. ಇನ್ನೊಬ್ಬನ ಕೋಚು ಬದಲಾದ. ಯುಗಾದಿಯ ಹೊತ್ತಿಗೆ ಅಣ್ಣ ಮೊದಲನೆಯವನು, ನಾನು ಎರಡನೆಯವಳು. ಉಳಿದವರು ಎಲ್ಲೋ ಹಿಂದೆ ಬಿದ್ದಿದ್ದರು.

ಆಮೇಲೊಂದು ಸೋಮವಾರ. ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಅಣ್ಣ, ನಾನು ಇಡ್ಲಿ ತಟ್ಟೆ ಹಿಡಿದು ಟಿ.ವಿ. ಮುಂದೆ ಕೂತಿದ್ದೆವು. ಎತ್ತರದ ಆಟಗಾರನೊಬ್ಬ ಹಾರಿ ಕೆಳಗಿಳಿಯುವಾಗ ಮಂಡಿ ಹೊರಳಿತು. ಅವನನ್ನು ಎತ್ತಿಕೊಂಡೇ ಹೋದರು. ಅವನ ಜಾಗಕ್ಕೆ ಎದ್ದು ಬಂದವನನ್ನು ನೋಡಿ ನಾನು ಇಡ್ಲಿ ತಟ್ಟೆ ಕೆಳಗಿಟ್ಟೆ. ಆಟಕ್ಕೆ ಇಳಿಸಿದೊಡನೆ ತೆಗೆದುಕೊಳ್ಳೋಣ ಅಂತ ಎರಡು ತಿಂಗಳಿಂದ ನಾನು ಕಣ್ಣಿಟ್ಟವನು, ಯಾರೂ ಆರಿಸದ ಬೆಂಚಿನ ತುದಿಯವನು! ಬಂದವನೇ ಚೆಂಡು ಕಿತ್ತುಕೊಂಡ. ಇನ್ನೊಂದು ಸಲ. ಮತ್ತೊಂದು ಸಲ. ಇನ್ನು ಸೀಸನ್ ಮುಗಿಯುವ ತನಕ ಆ ಜಾಗ ಇವನದೇ.

ಅಣ್ಣನೂ ಕುರುಡನಲ್ಲ. ಕಾರ್ಡ್‌ಲೆಸ್ ಫೋನ್ ಎತ್ತಿ ತೊಡೆಯ ಮೇಲಿಟ್ಟುಕೊಂಡ. ‘ಇವನು ನಂಗೆ. ಒಂಬತ್ತಾಗ್ತಿದ್ದ ಹಾಗೇ ಸಾರ್‌ಗೆ ಫೋನ್ ಮಾಡ್ತೀನಿ.’

ಒಂಬತ್ತೇ ಯಾಕೆಂದರೆ ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ಸಾರ್ ಹೊಸದೇನನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ಲೀಗಿನವರೆಲ್ಲ ನಗುತ್ತಲೇ ಅದಕ್ಕೆ ಒಗ್ಗಿಹೋಗಿದ್ದರು. ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಅವನ ತೊಡೆಯ ಮೇಲೆ. ನಾನು ಕೈ ತೊಳೆದು ಮೊಪೆಡ್ ಕೀಲಿ ತೆಗೆದುಕೊಂಡೆ.

‘ಎಲ್ಲಿಗೇ? ರಾಹುಕಾಲ ಕಣೇ, ಅವರು ಗೇಟೂ ತೆಗೆಯಲ್ಲ!’ ಅಣ್ಣನ ನಗು ಬೀದಿಯವರೆಗೂ ಕೇಳಿಸಿತು.

ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಆಫೀಸಿಗೆ ಹೊರಟವರ ದಂಡು. ಬಸ್ಸುಗಳ ನಡುವೆ ನುಸುಳುತ್ತಾ ಏನು ಹೇಳಬೇಕೆಂದು ಯೋಚಿಸಿದೆ. ರಾಹುಕಾಲವೆಲ್ಲ ಸುಳ್ಳು ಅಂದರೆ ಅಲ್ಲಿಗೇ ಕಥೆ ಮುಗಿಯಿತು. ಅವರ ದಾರಿಯಲ್ಲೇ ಹೋಗಿ ಅವರನ್ನು ಹಿಡಿಯಬೇಕು.

ಗೇಟು ತೆರೆದೇ ಇತ್ತು. ಸಾರ್ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಹೂ ಬಿಡಿಸುತ್ತಿದ್ದರು.

‘ಸಾರ್, ಒಬ್ಬ ಆಟಗಾರನ್ನ ತಗೋಬೇಕು.’

‘ಒಂಬತ್ತಾಗ್ಲಿ ಕಣಮ್ಮ. ಕೂತ್ಕೊ, ಕಾಫಿ ಕುಡಿ.’

‘ರಾಹುಕಾಲ ಊರೂರಿಗೆ ಬೇರೆ ಅಲ್ವಾ ಸಾರ್? ಸೂರ್ಯ ಹುಟ್ಟೋದರ ಮೇಲೆ ತಾನೇ ಲೆಕ್ಕ?’

ಪೇಪರ್ ಕೆಳಗಿಳಿಯಿತು. ‘ಹೌದು. ಅದಕ್ಕೇನೀಗ?’

‘ನಾನು ತಗೋತಿರೋನು ಅಮೆರಿಕದಲ್ಲಿದಾನೆ. ಅಲ್ಲಿ ಇನ್ನೂ ಭಾನುವಾರ ರಾತ್ರಿ. ಭಾನುವಾರದ ರಾಹುಕಾಲ ಅಲ್ಲಿ ಸಂಜೆನೇ ಮುಗೀತು.’

‘ಅವನು ಅಲ್ಲಿದಾನಮ್ಮ, ಬರ್ಕೊಳ್ಳೋನು ನಾನು ಇಲ್ಲಿದೀನಲ್ಲ!’

ಆದರೂ ಬಿಡಲಿಲ್ಲ. ‘ಶುರು ಮಾಡ್ತಿರೋರು ಯಾರು ಸಾರ್? ನೀವಲ್ಲ, ನಾನಲ್ಲ. ಅವನು ಆಗಲೇ ಆಟಕ್ಕೆ ಇಳಿದಾಯ್ತು. ಎಷ್ಟು ವರ್ಷ ಬೆಂಚಲ್ಲಿ ಕೂತಿದ್ನೋ, ಇವತ್ತು ಕರೆದಿದಾರೆ. ನಡೀತಿರೋದನ್ನ ನೀವು ಬರ್ಕೊಳ್ಳೋದು, ಅಷ್ಟೇ.’ ಕೊನೆಯ ಮಾತಿಗೆ ನನ್ನ ದನಿ ಯಾಕೋ ನಡುಗಿತು.

ಹೂ ಬುಟ್ಟಿ ಹಿಡಿದ ಆಂಟಿ ನನ್ನ ಮುಖವನ್ನೇ ನೋಡಿದರು. ‘ಅವಳು ಹೇಳೋದು ಸರಿನೇ ಇದೆ ರೀ. ನಿಮ್ಮ ತಮ್ಮ ಅಮೆರಿಕದಲ್ಲಿ ಗೃಹಪ್ರವೇಶ ಮಾಡಿದಾಗ ನೀವೇ ತಾನೇ ಅಲ್ಲಿನ ಟೈಮು ನೋಡಿ ಮುಹೂರ್ತ ಇಟ್ಟಿದ್ದು?’

ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ‘ಲಾಯರ್ ಆಗ್ಬೇಕಿತ್ತು ಕಣಮ್ಮ ನೀನು. ಹೇಳು, ಏನವನ ಹೆಸರು?’

ಒಂಬತ್ತಕ್ಕೆ ಸರಿಯಾಗಿ ಫೋನ್ ರಿಂಗಾಯಿತು. ಆ ತುದಿಯಲ್ಲಿ ಅಣ್ಣ ಕೂಗಾಡಿದ್ದು ವರಾಂಡಕ್ಕೂ ಕೇಳಿಸಿತು. ನಾನು ಎರಡನೇ ಲೋಟ ಕಾಫಿ ಕುಡಿದು, ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಬೈಗುಳ ತಾಗಲೇ ಇಲ್ಲ.

ಬೆಂಚಿನ ತುದಿಯವನು ಕೈಬಿಡಲಿಲ್ಲ. ಸೀಸನ್ ಮುಗಿದ ವಾರ, ಸಂಜೆ ಕ್ಲಬ್ಬಿನ ಕರಿಹಲಗೆಯ ಮೇಲೆ ಅಣ್ಣನಿಗಿಂತ ಕೂದಲೆಳೆಯಷ್ಟು ಮೇಲೆ ನನ್ನ ಹೆಸರಿತ್ತು. ಎಲ್ಲರೂ ಸುತ್ತ ನಿಂತಿದ್ದರು. ಸಾರ್ ಸೀಮೆಸುಣ್ಣ ಹಿಡಿದು ಕೇಳಿದರು, ‘ಹೇಳಮ್ಮ. ಯಾವ ತಂಡ? ಯಾರ ಹೆಸರು?’

‘ಹೆಂಗಸರ ತಂಡ ಸಾರ್. ನಾನು.’

ಯಾರೋ ಕಿಸಕ್ಕೆಂದರು. ಸಾರ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಎಂಟನೇ ಕ್ಲಾಸಿನ ನಂತರ ಮೊದಲ ಸಲ. ‘ಓಡೋಕಾಗುತ್ತೇನಮ್ಮ?’

‘ಇಷ್ಟು ವರ್ಷ ಕೂರಿಸಿದೀರಲ್ಲ ಸಾರ್, ಮಂಡಿ ಸ್ವಲ್ಪಾನೂ ಸವೆದಿಲ್ಲ.’

ಅವರಿಗೂ ನಗು ಬಂತು. ಬರೆದರು.

ಪಂದ್ಯದ ದಿನ ಮೊದಲ ಕೆಲವು ನಿಮಿಷ ಕಣ್ಣು ಕತ್ತಲೆ, ಕೈಗೆ ಬಂದ ಎರಡು ಚೆಂಡು ಜಾರಿ ಹೋದವು. ಮೂರನೆಯದು ಹೋಗಲಿಲ್ಲ. ನನಗಿಂತ ಒಂದು ಗೇಣು ಎತ್ತರದವಳ ಕೈಯಿಂದ ಅದನ್ನು ಕಿತ್ತುಕೊಂಡು ಓಡಿ ಬುಟ್ಟಿಗೆ ಹಾಕಿದೆ. ಸಾರ್ ನನ್ನನ್ನು ಬೇಕೆಂದಾಗ ವಾಪಸ್ಸು ಕೂರಿಸಬಹುದಿತ್ತು, ಬಹುಮಾನ ಶುರುವಿಗೆ ಮಾತ್ರ. ವಿರಾಮದ ಸೀಟಿ ಊದುವವರೆಗೂ ಕೂರಿಸಲಿಲ್ಲ.

ಸೀಟಿ ಊದಿದಾಗ ಏದುಸಿರು ಬಿಡುತ್ತಾ ಬೆಂಚಿನ ಹತ್ತಿರ ಬಂದವಳೇ ಬಗ್ಗಿ ಬಾಟಲಿಗಳನ್ನು ಎತ್ತಿಕೊಂಡೆ. ಒಬ್ಬಳಿಗೆ ಕೊಟ್ಟೆ, ಇನ್ನೊಬ್ಬಳತ್ತ ತಿರುಗಿದೆ. ಯಾರೋ ನನ್ನ ಕೈಯಿಂದ ಉಳಿದ ಬಾಟಲಿಗಳನ್ನು ಕಿತ್ತುಕೊಂಡರು. ನೋಡಿದರೆ ಅಣ್ಣ.

‘ಕೊಡೇ ಇಲ್ಲಿ. ನೀನು ಆಡ್ತಿದೀಯ.’

ಒಂದು ಬಾಟಲಿಯ ಮುಚ್ಚಳ ತೆಗೆದು ನನಗೆ ಕೊಟ್ಟು, ಉಳಿದದ್ದನ್ನು ಅವನೇ ಹಂಚಿದ. ನನಗೆ ಅಳು ಬಂತು, ನೀರಿನ ಜೊತೆಗೇ ನುಂಗಿದೆ. ಮತ್ತೆ ಸೀಟಿ ಕೇಳಿಸಿತು. ನಾನು ಲೇಸು ಬಿಗಿದುಕೊಂಡು ಅಂಗಳಕ್ಕೆ ಇಳಿದೆ.