ಬ್ಯಾಕೋಡಮ್ಮನ ಹೆಸರು

ಆ ಶನಿವಾರ ಸಂಜೆ ಅಮ್ಮ ಮತ್ತು ನಾನು ಸಾಗರದ ನಮ್ಮ ಚರ್ಚಿನಲ್ಲಿ ಬಲಿಪೀಠದ ಬಟ್ಟೆ ಹಾಸುತ್ತಿದ್ದೆವು. ಅದನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವುದು ಅಮ್ಮನದೇ ಕೆಲಸ.

"ಆ ತುದಿ ಸರಿಯಾಗಿ ಎಳಿ. ಚಾಪೆ ಹಾಸ್ತಿದ್ದೀಯಾ ಎಂತ?" ಎಂದಳು.

ಈ ಕೆಲಸ ಅವಳಿಗೆ ಕಲಿಸಿದ್ದು ಬ್ಯಾಕೋಡಮ್ಮ. ಬ್ಯಾಕೋಡಿನಿಂದ ಬಂದು ಸಾಗರದಲ್ಲಿ ನೆಲೆಸಿದ್ದರಿಂದ ಎಲ್ಲರೂ ಅವರನ್ನು ಹಾಗೆ ಕರೆಯುತ್ತಿದ್ದರು. ಚರ್ಚು ಕಟ್ಟುವ ಮೊದಲು ನಮ್ಮ ಕೆಲವೇ ಕುಟುಂಬಗಳು ಪ್ರಾರ್ಥನೆಗೆ ಸೇರುತ್ತಿದ್ದುದು ಅವರ ಬಾಡಿಗೆ ಮನೆಯ ಜಗಲಿಯಲ್ಲಿ. ತೀರ್ಥಹಳ್ಳಿ ಕಡೆಯಿಂದ ಫಾದರ್ ಬಂದ ದಿನ ಊಟದ ಮೇಜೇ ಬಲಿಪೀಠ. ಅದರ ಮೇಲೆ ಬ್ಯಾಕೋಡಮ್ಮ ತಮ್ಮ ಮದುವೆಯ ಬಿಳಿ ಸೀರೆಯನ್ನು ಮಡಿಸಿ ಹಾಸುತ್ತಿದ್ದರಂತೆ. ಅವರಿಗೆ ಮಕ್ಕಳಿರಲಿಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡರು.

ಈಗಿನ ಫಾದರ್‌ಗೆ ಒಂದು ಆಸೆಯಿತ್ತು. ಸತ್ತವರ ಸ್ಮರಣೆಯ ದಿನ, ಈ ಸಭೆಯನ್ನು ಶುರು ಮಾಡಿದವರೆಲ್ಲರ ಹೆಸರನ್ನೂ ಪೂಜೆಯಲ್ಲಿ ಓದಬೇಕು. ಆ ಕಾಲದವರಲ್ಲಿ ಉಳಿದಿದ್ದವಳು ಅಮ್ಮ ಒಬ್ಬಳೇ. ಉಳಿದವರನ್ನೆಲ್ಲ ಹೇಳಿದ್ದಳು, ತನಗೆ ಕೆಲಸ ಕಲಿಸಿದವರ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಈಗಾದ್ರೂ ಹೇಳು ಅಮ್ಮ," ಎಂದೆ.

"ಗುರುವಿನ ಹೆಸರು ಹಿಡಿದು ಕರೀತಾರಾ? ನಿಂಗೆ ಹೇಳಿದ್ರೆ ಬಸ್‌ಸ್ಟ್ಯಾಂಡ್‌ವರೆಗೂ ಹೋಗ್ತದೆ."

"ಫಾದರ್ ಕೇಳಿದಾರಲ್ಲ?"

"ನಾಳೆ ಪೂಜೆ ಮುಗಿದ ಮೇಲೆ ಅವರ ಕಿವಿಯಲ್ಲಿ ಹೇಳ್ತೀನಿ. ಸುಮ್ನಿರು ಮಾರಾಯ್ತಿ."

ನಗುತ್ತಾ ಬಟ್ಟೆಯ ಮೇಲೆ ಅಂಗೈ ಸವರಿದಳು. ಬರುವಾಗ ಅಂಗಡಿಯಲ್ಲಿ ಬ್ರೆಡ್ಡು ತಗೊಂಡೆವು. ಬೆಳಿಗ್ಗೆ ಕಾಫಿಗೆ ಕರೆದಾಗ ಅಮ್ಮ ಏಳಲಿಲ್ಲ.

ಆಮೇಲೆ ನಾನು ಹೊಸನಗರದಲ್ಲಿದ್ದ ಬ್ಯಾಕೋಡಮ್ಮನ ದೂರದ ನೆಂಟರ ಮನೆಗೆ ಹೋದೆ. ಅವರೂ "ದೊಡ್ಡಮ್ಮ" ಎಂದೇ ಕರೆಯುತ್ತಿದ್ದರಂತೆ. ಫಾದರ್ ಚರ್ಚಿನ ಹಳೆಯ ದಾಖಲೆ ತೆಗೆದು ನೋಡಿದರು. ಹೂತವರ ಪಟ್ಟಿಯಲ್ಲೂ ಯಾರೋ ಮರ್ಯಾದೆಯಿಂದ 'ಬ್ಯಾಕೋಡಮ್ಮ' ಎಂದೇ ಬರೆದಿದ್ದರು. ಸಮಾಧಿಯ ಮರದ ಶಿಲುಬೆ ಎಂದೋ ಗೆದ್ದಲು ಹಿಡಿದು ಹೋಗಿದೆ.

ನವೆಂಬರಿನಲ್ಲಿ, ಸತ್ತವರ ಸ್ಮರಣೆಯ ದಿನ, ಹೆಸರುಗಳನ್ನು ಓದಿದರು. ಕೊನೆಯಲ್ಲಿ ಅಮ್ಮನ ಹೆಸರು ಬಂತು. ಪೂರ್ತಿ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದಕ್ಕಿಂತ ಮುಂಚೆ ಫಾದರ್ "ಬ್ಯಾಕೋಡಮ್ಮ" ಎಂದಷ್ಟೇ ಓದಿದ್ದರು.

ಈಗ ಬಟ್ಟೆಗೆ ಗಂಜಿ ಹಾಕುವುದು ನಾನು. ಹದ ಬಂದಿದೆ. ಅವರ ಹೆಸರು ಇನ್ನೂ ಸಿಕ್ಕಿಲ್ಲ.