ಮಗಳಿಂದ ಮಾಡಿಸಿಕೊಂಡ ಆಣೆ

ವಿಚ್ಛೇದನದ ಕೇಸು ನಡೆಯುತ್ತಿದ್ದಾಗ ಒಂದು ಶುಕ್ರವಾರ, ಎಂಟು ವರ್ಷದ ಮಗಳ ಕೈಯನ್ನು ನನ್ನ ನೆತ್ತಿಯ ಮೇಲಿಟ್ಟುಕೊಂಡೆ.

"ಅಮ್ಮನ ಜೊತೇನೇ ಇರ್ತೀನಿ ಅಂತ ಕೋರ್ಟಿನೋರಿಗೆ ಹೇಳ್ತೀಯಲ್ವಾ? ನನ್ನಾಣೆ ಮಾಡು."

ದೀಪ ಹಚ್ಚಿದ ಎಣ್ಣೆ ಇನ್ನೂ ನನ್ನ ಬೆರಳಲ್ಲಿತ್ತು. ಅವಳು "ಓಕೆ, ಅಮ್ಮನಾಣೆ" ಎಂದು ಹೋಂವರ್ಕಿಗೆ ಓಡಿದಳು. ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ.

ನನ್ನ ಗಂಡ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಸನ್ನಿವೇಲಿನ ಅಪಾರ್ಟ್‌ಮೆಂಟಿಗೆ ಹೋಗಿ ಐದು ತಿಂಗಳಾಗಿತ್ತು. ಮಗಳು ಪ್ಲೆಸೆಂಟನ್ನಿನ ಮನೆಯಲ್ಲಿ ನನ್ನ ಜೊತೆಗಿದ್ದಳು. ವಾರದಲ್ಲಿ ಮೂರು ದಿನ ಅವಳು ತಮ್ಮ ಹತ್ತಿರ ಇರಲಿ ಎಂದು ಅವರು ಕೇಳಿದ್ದರು. ಅವರು ಕುಡಿಯುವವರಲ್ಲ, ಹೊಡೆಯುವವರಲ್ಲ. ನಮಗಿಬ್ಬರಿಗೂ ಹೊಂದಲಿಲ್ಲ, ಅಷ್ಟೆ. ಆದರೆ ಮನೆ, ಮಗಳು ಬಿಟ್ಟರೆ ನನಗೆ ಬೇರೆ ಏನಿತ್ತು? ಮೂರು ದಿನ ಹೋದವಳು ಪೂರ್ತಿ ಹೋಗಿಬಿಡುತ್ತಾಳೆ ಎಂಬ ಭಯ ಹೊಕ್ಕಿತ್ತು.

ನನ್ನ ಲಾಯರು ಮೈಸೂರಿನ ಕಡೆಯ ಹೆಣ್ಣುಮಗಳು. ಈ ಪರದೇಶದಲ್ಲಿ ಕಷ್ಟವನ್ನು ಕನ್ನಡದಲ್ಲೇ ಹೇಳಿಕೊಳ್ಳುವಂತಾಯಿತಲ್ಲ ಎಂದು ದೇವರಿಗೆ ಕೈಮುಗಿದಿದ್ದೆ. ಆಣೆಯಾದ ಮೇಲಿನ ಮಂಗಳವಾರ ಅವರು ಕೇಳಿದರು, "ಮುಂದಿನ ವಾರ ಕೋರ್ಟಿನ ಕೌನ್ಸೆಲರು ಮಗೂನ ಒಬ್ಬಳನ್ನೇ ಕೂರಿಸ್ಕೊಂಡು ಮಾತಾಡಿಸ್ತಾರೆ. ನೀವು ಏನೂ ಹೇಳ್ಕೊಟ್ಟಿಲ್ಲ ತಾನೇ?"

"ಅಯ್ಯೋ, ಇಲ್ಲ ಮೇಡಂ."

"ಹೇಳ್ಕೊಟ್ರೆ ಮಕ್ಕಳು ಗಿಣಿ ಥರ ಒಪ್ಪಿಸ್ತಾರೆ. ಕೌನ್ಸೆಲರಿಗೆ ಎರಡು ನಿಮಿಷದಲ್ಲಿ ಗೊತ್ತಾಗತ್ತೆ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ತಲೆಯಾಡಿಸಿ ಎದ್ದು ಬಂದೆ.

ಆ ವಾರ ಮಗಳ ಲಂಚ್ ಬಾಕ್ಸು ಕೊಟ್ಟದ್ದು ಕೊಟ್ಟಂತೆ ವಾಪಸು ಬರುತ್ತಿತ್ತು. ಹೊಟ್ಟೆನೋವು ಎಂದಳು. ಓಮದ ನೀರು ಕುಡಿಸಿದೆ. ಭಾನುವಾರ ದೇವಸ್ಥಾನದಿಂದ ಬರುವಾಗ, ಫ್ರೀವೇಯಲ್ಲಿ, ಹಿಂದಿನ ಸೀಟಿನಿಂದ ಕೇಳಿದಳು.

"ಅಮ್ಮಾ, ಆಣೆ ಬ್ರೇಕ್ ಮಾಡಿದ್ರೆ ವಿಲ್ ಯು ಡೈ?"

"ಯಾರು ಹೇಳಿದ್ದು ಪುಟ್ಟಿ?"

"ಅಜ್ಜಿ. ವಿಡಿಯೋ ಕಾಲಲ್ಲಿ." "ಐ ವಾಂಟ್ ಅಪ್ಪ ಆಲ್ಸೋ. ಬಟ್ ಐ ವೋಂಟ್ ಸೇ ಇಟ್, ಓಕೆ?"

ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಯಾವುದೋ ಗ್ರಾಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ನನ್ನ ಜೀವವನ್ನು ಆ ಪುಟ್ಟ ಕೈಗೆ ಕೊಟ್ಟು ಹತ್ತು ದಿನ ಹೊರಿಸಿದ್ದೆ. ಹಿಂದಿನ ಸೀಟಿಗೆ ಹೋಗಿ ಕೂತೆ.

"ಅಮ್ಮಂಗೆ ಏನೂ ಆಗಲ್ಲ. ಆಣೆ ಮಾಡಿಸಿದ್ದೇ ಅಮ್ಮನ ತಪ್ಪು. ನಿಂಗೇನನ್ಸತ್ತೋ ಅದನ್ನೇ ಹೇಳು, ಕಂದ."

"ಡಸ್ ಗಾಡ್ ನೋ ಇಟ್ಸ್ ಕ್ಯಾನ್ಸಲ್ಡ್?"

ಕಾರು ತಿರುಗಿಸಿದೆ. ಗರ್ಭಗುಡಿಯ ಮುಂದೆ ನಿಂತು, ಅವಳಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದೆ: "ಸ್ವಾಮೀ, ಮಗು ಹತ್ರ ಬಲವಂತವಾಗಿ ಆಣೆ ಮಾಡಿಸಿದೆ. ಅದನ್ನ ವಾಪಸ್ ತಗೊಂಡಿದೀನಿ." ಹಿಂದೆ ನಿಂತಿದ್ದ ಪರಿಚಯದ ಹೆಂಗಸರು ಮಾತು ನಿಲ್ಲಿಸಿದ್ದು ಗೊತ್ತಾಯಿತು. ತಿರುಗಿ ನೋಡಲಿಲ್ಲ. ಹೊರಗೆ ಮಗಳು ಎರಡು ದೊನ್ನೆ ಪುಳಿಯೋಗರೆ ತಿಂದಳು. ದೇವರ ಅಷ್ಟು ಕರುಣೆ ಸಾಕು ಎನಿಸಿತು.

ಮರುದಿನ ಲಾಯರಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಇಲ್ಲ ಅಂದ್ರಲ್ರೀ ನನ್ಹತ್ರ!"

"ಸುಳ್ಳು ಹೇಳ್ದೆ ಮೇಡಂ."

ಅವರು "ಮಗೂನ ಕೌನ್ಸೆಲರ ಹತ್ರ ಕಳಿಸೋಕೆ ಮುಂಚೆ ಅವರಪ್ಪಂಗೆ ನೀವೇ ಹೇಳಿ. ಕೇಸಿಗೆ ಏಟು ಬಿದ್ರೂ ಬೀಳಬಹುದು. ಆದ್ರೂ ಹೇಳಿ" ಎಂದರು.

ಐದು ತಿಂಗಳಲ್ಲಿ ಮೊದಲ ಬಾರಿಗೆ ನಾನಾಗಿಯೇ ಗಂಡನಿಗೆ ಫೋನು ಮಾಡಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: "ಈಗ ಊಟ ಮಾಡ್ತಿದಾಳಾ?"

"ಮಾಡ್ತಿದಾಳೆ."

"ಸರಿ" ಎಂದು ಇಟ್ಟರು.

ಮಗಳು ಕೌನ್ಸೆಲರಿಗೆ ಇಬ್ಬರೂ ಬೇಕೆಂದಳಂತೆ. ಬುಧವಾರದಿಂದ ಶನಿವಾರ ಬೆಳಿಗ್ಗೆಯವರೆಗೆ ಅಪ್ಪನ ಹತ್ತಿರ, ಉಳಿದ ದಿನ ನನ್ನ ಹತ್ತಿರ ಎಂದು ಒಪ್ಪಂದವಾಯಿತು. ಆಣೆಯ ಮಾತನ್ನು ನನ್ನ ಗಂಡ ತಮ್ಮ ಲಾಯರಿಗೂ ಹೇಳಿರಲಿಲ್ಲ. ಹೇಳಿದ್ದರೆ ಇನ್ನೂ ಒಂದೆರಡು ದಿನ ಅವರಿಗೇ ಸಿಗುತ್ತಿತ್ತೇನೋ. ಕಾಗದಕ್ಕೆ ಸಹಿ ಹಾಕಿ ಪೆನ್ನನ್ನು ಅವರ ಕಡೆಗೆ ಸರಿಸಿದೆ. ಮುಖ ನೋಡುವ ಧೈರ್ಯ ಬರಲಿಲ್ಲ.